‘ಹಲಾಲ್’ ಮುದ್ರೆಯ ಕ್ರಿಪ್ಟೊ ಆ್ಯಪ್: ಆರು ತಿಂಗಳ ಬಳಕೆಯ ನಂತರ

ಪರದೆಯ ಮೇಲ್ಭಾಗದಲ್ಲಿ ‘ಹಲಾಲ್’ ಎಂಬ ಹಸಿರು ಮುದ್ರೆ ಹೊತ್ತ ಈ ಕ್ರಿಪ್ಟೊ (ಡಿಜಿಟಲ್ ನಾಣ್ಯ ಕೊಂಡು ಮಾರುವ) ಆ್ಯಪನ್ನು ಕಳೆದ ರಂಜಾನ್ ಮುಗಿದ ಮೇಲೆ ಅಳಿಯ ನನ್ನ ಮೊಬೈಲಿಗೆ ಹಾಕಿಕೊಟ್ಟ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆ ವ್ಯಾಪಾರ ಮಾಡುವ ನಾನು ಬ್ಯಾಂಕಿನ ಬಡ್ಡಿಯನ್ನೂ ಮುಟ್ಟದವನು. ಆ ಮುದ್ರೆಯನ್ನು ನಂಬಿಯೇ 20,000 ರೂಪಾಯಿಗೆ ಬಿಟ್‌ಕಾಯಿನ್ ಕೊಂಡೆ.

ಖಾತೆ ತೆರೆಯುವುದು ಸುಲಭ. ಜೂಜಿಗೆ ಮತ್ತು ಬಡ್ಡಿ ಸಾಲಕ್ಕೆ ಸಂಬಂಧಿಸಿದ ಕಾಯಿನ್‌ಗಳನ್ನು ಪಟ್ಟಿಯಿಂದ ಕೈಬಿಟ್ಟಿದ್ದಾರೆ, ಕಾರಣವನ್ನೂ ಬರೆದಿದ್ದಾರೆ. ಇದು ಮೆಚ್ಚತಕ್ಕದ್ದು.

ಆದರೆ ‘ವಿದ್ವಾಂಸರ ಒಪ್ಪಿಗೆಯಿದೆ’ ಎಂಬ ಪುಟದಲ್ಲಿ ಅರ್ಧ ಸತ್ಯವಷ್ಟೇ ಇದೆ. ನೋಂದಾಯಿತ ವಿನಿಮಯ ಕೇಂದ್ರಗಳಲ್ಲಿ ಡಿಜಿಟಲ್ ಆಸ್ತಿಯ ವ್ಯಾಪಾರ ನಡೆಸಬಹುದೆಂದು ಮಲೇಷ್ಯಾದ ಷೇರುಪೇಟೆ ನಿಯಂತ್ರಕರ ಶರಿಯಾ (ಇಸ್ಲಾಮಿ ಕಾನೂನು) ಮಂಡಳಿ 2020ರಲ್ಲಿ ಹೇಳಿದ್ದನ್ನು ದೊಡ್ಡದಾಗಿ ಹಾಕಿದ್ದಾರೆ. ಈಜಿಪ್ಟಿನ ಗ್ರ್ಯಾಂಡ್ ಮುಫ್ತಿಯಾಗಿದ್ದ ಶೌಕಿ ಅಲ್ಲಾಮ್ 2018ರ ಜನವರಿಯಲ್ಲಿ ಬಿಟ್‌ಕಾಯಿನ್ ವ್ಯವಹಾರ ನಿಷಿದ್ಧವೆಂದದ್ದೂ, ಇಂಡೋನೇಷ್ಯಾದ ಉಲಮಾ (ಧರ್ಮ ವಿದ್ವಾಂಸರ) ಮಂಡಳಿ 2021ರ ನವೆಂಬರಿನಲ್ಲಿ ಕ್ರಿಪ್ಟೊವನ್ನು ಹಣವಾಗಿ ಬಳಸುವುದು ಹರಾಮ್ ಎಂದದ್ದೂ ಆ ಪುಟದಲ್ಲಿ ಎಲ್ಲಿಯೂ ಇಲ್ಲ. ಉಲಮಾಗಳಲ್ಲೇ ಒಮ್ಮತವಿಲ್ಲದ ವಿಷಯಕ್ಕೆ ಇಷ್ಟು ನಿಶ್ಚಿಂತೆಯ ಮುದ್ರೆ ಒತ್ತಬಾರದಿತ್ತು.

ಇನ್ನು ಅದೇ ಆ್ಯಪಿನ ‘ಗಳಿಕೆ’ ವಿಭಾಗ. ಕಾಯಿನನ್ನು 90 ದಿನ ಅವರ ಬಳಿ ಬಿಟ್ಟರೆ ನಿಗದಿತ ಶೇಕಡಾವಾರು ಹೆಚ್ಚುವರಿ ಕಾಯಿನ್ ಕೊಡುತ್ತಾರಂತೆ. ಯಾವ ಹೆಸರಿನಿಂದ ಕರೆದರೂ ಅದು ಬಡ್ಡಿಯೇ. ಪಕ್ಕದಲ್ಲಿ, ಕೈಯಲ್ಲಿರುವ ಹಣದ ಇಪ್ಪತ್ತು ಪಟ್ಟು ಬೆಲೆಯ ಫ್ಯೂಚರ್ಸ್ (ಮುಂದಿನ ಕೊಡುಕೊಳ್ಳುವಿಕೆಗೆ ಈಗಲೇ ಬೆಲೆ ಕಟ್ಟುವ) ವ್ಯವಹಾರಕ್ಕೂ ಒಂದು ಗುಂಡಿ ಇದೆ. ಹಣ್ಣು ಬಲಿತದ್ದು ಕಾಣುವವರೆಗೆ ಅದನ್ನು ಮಾರಬೇಡಿರೆಂದು ಹದೀಸ್ (ಪ್ರವಾದಿಯವರ ವಚನ) ಹೇಳುತ್ತದೆ. ಹಿಂಗಾರ ಒಡೆಯುವ ಮೊದಲೇ ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಳ್ಳಲು ನನ್ನ ತಂದೆ ಹಿಂಜರಿಯುತ್ತಿದ್ದುದು ಇದೇ ಕಾರಣಕ್ಕೆ. ಅಲ್ಲಿ ಕಡೇಪಕ್ಷ ಮರವಾದರೂ ಕಣ್ಣೆದುರಿಗೆ ಇರುತ್ತಿತ್ತು.

ನನ್ನ ಮುಖ್ಯ ತಕರಾರು ಬೇರೆಯೇ ಇದೆ. ಕೊಂಡ ಧಾನ್ಯವನ್ನು ವಶಕ್ಕೆ ಪಡೆಯುವ ಮುನ್ನ ಮಾರಬಾರದೆಂಬುದು ನಮ್ಮ ಧರ್ಮದಲ್ಲಿ ಸ್ಪಷ್ಟವಾದ ನಿಯಮ. ಅನೇಕ ಫಕೀಹರು (ಧರ್ಮಶಾಸ್ತ್ರಜ್ಞರು) ಅದನ್ನು ಇತರ ಸರಕಿಗೂ ಅನ್ವಯಿಸುತ್ತಾರೆ. ಮಂಡಿಯಲ್ಲಿ ‘ರಾಶಿ ಇಡಿ’ ದರ್ಜೆಯ ಚೀಲಕ್ಕೆ ಕೈಹಾಕಿ, ನಾಲ್ಕು ಅಡಿಕೆ ಒಡೆದು ಒಳಬಣ್ಣ ನೋಡಿ, ತೂಕವಾದ ಮೇಲೆ ಚೀಲವನ್ನು ನನ್ನ ಗೋದಾಮಿಗೆ ಸಾಗಿಸುತ್ತೇನೆ. ಇಲ್ಲಿ ಕೊಂಡ ಬಿಟ್‌ಕಾಯಿನನ್ನು ನನ್ನದೇ ವಾಲೆಟ್‌ಗೆ (ನನ್ನ ಹಿಡಿತದಲ್ಲೇ ಇರುವ ಡಿಜಿಟಲ್ ಚೀಲಕ್ಕೆ) ವರ್ಗಾಯಿಸಲು ಹೋದರೆ, ಆರು ತಿಂಗಳೂ ‘ಈ ಸೇವೆ ಸದ್ಯ ಲಭ್ಯವಿಲ್ಲ’ ಎಂಬ ಒಂದೇ ಉತ್ತರ. ಹಾಗಿದ್ದರೆ ನಾನು ಕೊಂಡದ್ದು ಬಿಟ್‌ಕಾಯಿನ್ ಅಲ್ಲ, ಅವರ ಲೆಕ್ಕದ ಪುಸ್ತಕದಲ್ಲಿನ ಒಂದು ಸಾಲು. ಸಹಾಯವಾಣಿಗೆ ಮೂರು ಬಾರಿ ಬರೆದೆ. ಮೂರು ಬಾರಿಯೂ ಪ್ರತ್ಯುತ್ತರದಲ್ಲಿ ಅದೇ ವಾಕ್ಯವಿತ್ತು.

ಕೊನೆಗೆ ಮಾರಿದೆ. ಮಾರಾಟದ ಮೊತ್ತದಲ್ಲಿ ಶೇಕಡಾ 1ರಷ್ಟು ಟಿಡಿಎಸ್ ಕಡಿತವಾಯಿತು. ಲಾಭದ ಮೇಲೆ ಶೇಕಡಾ 30ರ ತೆರಿಗೆ ಬೇರೆ ಇದೆ. ಹಣ ಮಾತ್ರ ಎರಡೇ ದಿನದಲ್ಲಿ ಬ್ಯಾಂಕ್ ಖಾತೆಗೆ ಬಂದಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ತೆರಿಗೆಗೆಂದು ಎತ್ತಿಟ್ಟು ಉಳಿದ ಅಲ್ಪ ಲಾಭವನ್ನು ಇಟ್ಟುಕೊಳ್ಳಲು ಮನಸ್ಸು ಒಪ್ಪದೆ ದಾನಕ್ಕೆ ಕೊಟ್ಟೆ. ಐದರಲ್ಲಿ ಎರಡು ನಕ್ಷತ್ರ. ವಾಲೆಟ್‌ನ ಗುಂಡಿ ಕೆಲಸ ಮಾಡಿ, ‘ಗಳಿಕೆ’ ವಿಭಾಗ ಕಾಣೆಯಾದ ದಿನ ಮೂರನೆಯದನ್ನು ಸೇರಿಸುತ್ತೇನೆ.