ತೋಟಾ ಪೆನ್: ಹೊಳಪಿಗಿಂತ ಒಳಗಿನ ಕೆಲಸ ನೋಡಿ

ಮಡಿಕೇರಿ–ವಿರಾಜಪೇಟೆ ರಸ್ತೆ ಬದಿಯ ಸಣ್ಣದೊಂದು ಲೇತ್ ಅಂಗಡಿಯಲ್ಲಿ, ಹಾರಿಸಿ ಖಾಲಿಯಾದ ರೈಫಲ್ ತೋಟಾದಿಂದ ಪೆನ್ ಮಾಡಿ ಮಾರುತ್ತಾರೆ. ಕೆಳಗಿನ ಅರ್ಧ .30-06 ಎಂಬ ಅಳತೆಯ ರೈಫಲ್ ತೋಟಾದ ಹಿತ್ತಾಳೆ ಕವಚ, ಮೇಲಿನ ಅರ್ಧ ಹಳೆಯ ಕಾಫಿ ಗಿಡದ ಕಾಂಡ. ತಿರುಗಿಸಿದರೆ ರೀಫಿಲ್ ಹೊರಬರುತ್ತದೆ. ಬೆಲೆ 1,450 ರೂಪಾಯಿ. ಪ್ರವಾಸಿಗರ ಅಂಗಡಿಗಳಲ್ಲಿ ಇದರ ಅರ್ಧ ಬೆಲೆಗೂ ತೋಟಾ ಪೆನ್ ಸಿಗುತ್ತದೆ. ಪಕ್ಕದಲ್ಲಿಟ್ಟು ನೋಡಿದರೆ ಹೊಳಪಿನಲ್ಲಿ ಅಗ್ಗದ್ದೇ ಮುಂದು. ಆದರೆ ಬರೆಯಲು ಕುಳಿತಾಗ ಕೈಗೆ ತಿಳಿಯುವುದು ಒಳಗಿನ ಕೆಲಸ.

ಎಲ್ಲಕ್ಕಿಂತ ಕಷ್ಟದ್ದು ಒಳಗಿನ ಕೊಳವೆಯನ್ನು ನಟ್ಟನಡುವೆ ಕೂರಿಸುವುದು. ಈ ಕವಚದ ಉದ್ದ 63 ಮಿ.ಮೀ., ಬುಡದ ಅಗಲ 12 ಮಿ.ಮೀ. ಗುಂಡು ಕೂರುತ್ತಿದ್ದ ಕತ್ತಿನ ಒಳ ಅಗಲ ಸುಮಾರು 7.8 ಮಿ.ಮೀ., ಪೆನ್ ಕಿಟ್‌ನ ಕೊಳವೆ 7 ಮಿ.ಮೀ. ಈ ಸಂದಿಗೆ ಬರೀ ಅಂಟು ತುಂಬಿದರೆ, ಅಂಟು ಒಣಗುವಷ್ಟರಲ್ಲಿ ಕೊಳವೆ ಒಂದು ಬದಿಗೆ ವಾಲಿರುತ್ತದೆ. ಆಮೇಲೆ ರೀಫಿಲ್ ತುದಿ ಮೂತಿಗೆ ಉಜ್ಜುತ್ತದೆ, ಪ್ರತಿ ಅಕ್ಷರಕ್ಕೂ ಟಿಕ್ ಎನ್ನುತ್ತದೆ. ಅಗ್ಗದ ಪೆನ್‌ಗಳ ದೊಡ್ಡ ರೋಗ ಇದೇ. ಈ ಅಂಗಡಿಯವರು ಕತ್ತಿಗೆ ಸಂದಿ ತುಂಬುವ ಹಿತ್ತಾಳೆಯ ಪುಟ್ಟ ಬುಶ್ (ಉಂಗುರ) ಕಡೆದು ಹಾಕುತ್ತಾರೆ. ಬುಡದಲ್ಲಿ ಉರಿದ ಕೇಪನ್ನು (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು) ಸೂಜಿಯಿಂದ ತಳ್ಳಿ ತೆಗೆದು, ಅದೇ ತೂತನ್ನು ಹಂತಹಂತವಾಗಿ 5, 6, 6.8 ಮಿ.ಮೀ.ವರೆಗೆ ಕೊರೆದು, ಕೊನೆಗೆ ತೂತನ್ನು ನಯಮಾಡುವ ರೀಮರ್ ಹಾಕಿ 7ಕ್ಕೆ ತರುತ್ತಾರೆ. ಒಂದೇ ಏಟಿಗೆ 7ರ ಬಿಟ್ ಇಳಿಸಿದರೆ ಅದು ಹಿತ್ತಾಳೆಯನ್ನು ಕಚ್ಚಿ ಕವಚವನ್ನೇ ತಿರುಚಿಬಿಡುತ್ತದೆ. ಕೊಳ್ಳುವಾಗ ರೀಫಿಲ್ ಹೊರತಂದು, ಮೂತಿಯನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಸುತ್ತ ಕಾಣುವ ಸಂದಿ ಎಲ್ಲ ಕಡೆಯೂ ಸಮನಾಗಿರಬೇಕು.

ಅಂಟು ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಎಂಬ ಎಪಾಕ್ಸಿ. ಕೊಳವೆಯನ್ನು ಮರಳು ಕಾಗದದಿಂದ ಒರಟು ಮಾಡಿ, ಅಂಟಿಸಿ, ಇಡೀ ದಿನ ಬಿಡುತ್ತಾರೆ. ಸೂಪರ್ ಗ್ಲೂ ಹಾಕಿದ ಪೆನ್ ನೆಲಕ್ಕೆ ಬಿದ್ದರೆ ಅಂಟು ಬಿಟ್ಟು ಕೊಳವೆ ಅಲ್ಲಾಡತೊಡಗುತ್ತದೆ.

ಮೂತಿ ಗುಂಡಿನ ಆಕಾರದ್ದಲ್ಲ, ಲೇತ್‌ನಲ್ಲಿ ಕಡೆದ ಸಾದಾ ಹಿತ್ತಾಳೆ ಶಂಕು. ಇದು ಸರಿಯಾದ ನಿರ್ಧಾರ. ನಿಜವಾದ ಗುಂಡಿನ ತಾಮ್ರದ ಹೊದಿಕೆಯೊಳಗೆ ಸಾಮಾನ್ಯವಾಗಿ ಸೀಸ ಇರುತ್ತದೆ. ಅದನ್ನು ಕೊರೆದರೆ ಬೆರಳು ಹಿಡಿಯುವ ಜಾಗದಲ್ಲೇ ಸೀಸ ತೆರೆದುಕೊಳ್ಳುತ್ತದೆ. ಉರಿದ ಕೇಪಿನ ಮಸಿಯಲ್ಲೂ ಸೀಸದ ಅಂಶ ಇರುವುದರಿಂದ ಖಾಲಿ ತೋಟಾವನ್ನು ಒಣದಾಗಿ ಉಜ್ಜಬಾರದು. ಕೈಗವಸು ಹಾಕಿ ನೀರಿನಲ್ಲೇ ತೊಳೆಯಬೇಕು. ಇಲ್ಲಿ ಲೀಟರ್ ಬಿಸಿನೀರಿಗೆ ಒಂದು ಚಮಚ ಸಿಟ್ರಿಕ್ ಆಸಿಡ್ ಹಾಕಿ ಹತ್ತು ನಿಮಿಷ ಇಟ್ಟು, ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ಜಾಲಾಡುತ್ತಾರೆ. ಹೆಚ್ಚು ಹೊತ್ತು ಬಿಟ್ಟರೆ ಹಿತ್ತಾಳೆಯ ಮೇಲ್ಪದರದಿಂದ ಸತು ಕರಗಿ ತಾಮ್ರದ ಗುಲಾಬಿ ಛಾಯೆ ಉಳಿಯುತ್ತದೆ. ಹುಣಸೆಹಣ್ಣಿನಲ್ಲಿ ರಾತ್ರಿಯಿಡೀ ನೆನೆಸಿದರೂ ಅದೇ ಗತಿ. ಕವಚ ಕತ್ತಿನ ಕಡೆಗೆ ಕಿರಿದಾಗುವ ಭುಜದ ತಿರುವಿನಲ್ಲಿ ಆ ಬಣ್ಣ ಕಂಡರೆ ಅಂಥ ಪೆನ್ ಬೇಡ.

ಕೊಡಗಿನ ಮಳೆಗಾಲಕ್ಕೆ ಮುಖ್ಯವಾದ ಮಾತು ಬಿರುಕಿನದು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಸೇನೆಯಲ್ಲಿ ಮಳೆಗಾಲ ಪೂರ್ತಿ ಕೂಡಿಟ್ಟ ತೋಟಾಗಳು ತಾವಾಗಿಯೇ ಸೀಳುತ್ತಿದ್ದವು. ತೇವದ ಜೊತೆ ಕುದುರೆಲಾಯದ ಅಮೋನಿಯಾ ಸೇರಿ, ಒಳಗೆ ಬಿಗಿತ ಉಳಿದ ಹಿತ್ತಾಳೆಯನ್ನು ಒಡೆಯುತ್ತದೆ ಎಂದು 1921ರಲ್ಲಿ ಗೊತ್ತಾಯಿತು. ತೆಳ್ಳಗಿನ ಕತ್ತೇ ಮೊದಲು ಸೀಳುವ ಜಾಗ. ಆದ್ದರಿಂದ ಅಮೋನಿಯಾ ಇರುವ ಹಿತ್ತಾಳೆ ಪಾಲಿಶ್ ಈ ಪೆನ್‌ಗೆ ಮುಟ್ಟಿಸಬೇಡಿ. ಮೇಲಿನ ಲ್ಯಾಕರ್ (ತಿಳಿ ರಕ್ಷಣಾ ಲೇಪ) ಇರುವಷ್ಟು ದಿನ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಾಫಿ ಕಟ್ಟಿಗೆಯ ಕೆಲಸ ಚೆನ್ನಾಗಿದೆ. ಎಳೆ ನಯ, ಬಣ್ಣ ತಿಳಿ ಜೇನು. ಕಾಂಡದ ನಡುವಿನ ತಿರುಳು 7 ಮಿ.ಮೀ. ತೂತಿನಲ್ಲೇ ಹೋಗಿಬಿಡುವುದು ಒಂದು ಅನುಕೂಲ, ಏಕೆಂದರೆ ಬಿರುಕು ಹುಟ್ಟುವುದು ಅಲ್ಲಿಂದಲೇ. ಆದರೆ ಹಸಿ ಕಟ್ಟಿಗೆಯಲ್ಲಿ ಕಡೆದರೆ ಬೇಸಿಗೆಗೆ ಕುಗ್ಗಿ ಉದ್ದಕ್ಕೆ ಸೀಳುತ್ತದೆ. ತುದಿಗಳಿಗೆ ಮೇಣ ಬಳಿದು, ನೆರಳಿನಲ್ಲಿ ತಿಂಗಳುಗಟ್ಟಲೆ ಒಣಗಿಸಿದ್ದೇ ಆಗಬೇಕು. ಬೀಟೆಯಲ್ಲಿ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಅದಕ್ಕೆ ಅರಣ್ಯ ಇಲಾಖೆಯ ಕಾಗದಪತ್ರ ಬೇಕು, ಕಾಫಿಯೇ ಇರಲಿ.

ಪೆನ್ನಿನ ನೆತ್ತಿಗೆ ಇನ್ನೊಂದು ತೋಟಾದ ಬುಡವನ್ನು ಬಿಲ್ಲೆಯಂತೆ ಕತ್ತರಿಸಿ ಕೂರಿಸಿದ್ದಾರೆ. ಕಾರ್ಖಾನೆಯ ಮುದ್ರೆ, ಕೇಪಿನ ಮೇಲೆ ಕೋವಿಯ ಸೂಜಿ ಹೊಡೆದ ಗುಳಿ ಎರಡೂ ಕಾಣುತ್ತವೆ. ಚೆಂದ ಹಾಗಿರಲಿ, ತೋಟಾ ಹಾರಿದ್ದೇ ಎನ್ನುವುದಕ್ಕೆ ಆ ಗುಳಿಯೇ ಗುರುತು.

ಕೊರತೆ ರೀಫಿಲ್‌ನದು. ಕ್ರಾಸ್ ಕಂಪನಿಯ ತೆಳ್ಳನೆಯ ಮಾದರಿ ಮಾತ್ರ ಹಿಡಿಸುತ್ತದೆ. ಗೋಣಿಕೊಪ್ಪಲು, ಕುಶಾಲನಗರದ ಸ್ಟೇಷನರಿ ಅಂಗಡಿಗಳಲ್ಲಿ ಪಾರ್ಕರ್ ಮಾದರಿ ಸಿಗುವಷ್ಟು ಸುಲಭವಾಗಿ ಇದು ಸಿಗುವುದಿಲ್ಲ. ಪಾರ್ಕರ್ ರೀಫಿಲ್‌ನ ದಪ್ಪ 6 ಮಿ.ಮೀ., ತೋಟಾದ ಕತ್ತಿನಲ್ಲಿ ಅದು ಸಲೀಸಾಗಿ ಇಳಿಯುತ್ತದೆ. ತಿರುಗುವ ಭಾಗವನ್ನು ದಪ್ಪಗಿನದು ಹಾಕಿ ಮರದ ಕಡೆಗೆ ಸರಿಸಿದರೆ ಆಯಿತು. ಅಂಗಡಿಯವರು ಇದನ್ನು ಮಾಡಲೇಬೇಕು. ಅಲ್ಲಿಯವರೆಗೆ ಪೆನ್ ಜೊತೆಗೇ ಎರಡು ರೀಫಿಲ್ ಕೊಂಡುಬಿಡಿ. ಭಾರವೂ ಇದೆ: ಖಾಲಿ ಕವಚವೊಂದೇ 12 ಗ್ರಾಂ ಮೀರುತ್ತದೆ. ರುಜು ಹಾಕಲು, ಲೆಕ್ಕ ಬರೆಯಲು ಸೊಗಸು, ಪುಟಗಟ್ಟಲೆ ಬರೆಯುವವರಿಗೆ ಆಯಾಸ.

ತೋಟಾ ಎಲ್ಲಿಂದ ಬಂತೆಂದು ಕೇಳಿಯೇ ಕೊಳ್ಳಿ. ಸೇನೆಯ ಖಾಲಿ ತೋಟಾಗಳು ಸರ್ಕಾರದ ಸ್ವತ್ತು, ಅವನ್ನು ಲೆಕ್ಕ ಹಾಕಿ ಹಿಂದಿರುಗಿಸಬೇಕು. ಇಲ್ಲಿ ಪರವಾನಗಿ ಇರುವವರು ತಂದುಕೊಟ್ಟದ್ದನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಜೋಡಿಸಿ ಬಳಸುವ ಉದ್ದೇಶವಿಲ್ಲದ ಬಿಡಿಭಾಗಗಳಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡುತ್ತದೆ. ಆದರೂ ಮಂಗಳೂರು, ಕಣ್ಣೂರಿನಿಂದ ವಿಮಾನ ಹತ್ತುವವರು ಇದನ್ನು ಕೈಚೀಲದಲ್ಲಿ ಇಡಬೇಡಿ. ತಪಾಸಣೆಯ ಪರದೆಯಲ್ಲಿ ಕಾಣುವುದು ತೋಟಾದ ಆಕಾರವೇ.

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಹೊಡೆದ 12 ಬೋರ್ ತೋಟಾ ತಂದು ಪೆನ್ ಕೇಳುವವರಿಗೆ ಇಲ್ಲಿ ಆಗುವುದಿಲ್ಲ ಎನ್ನುತ್ತಾರೆ. ಅದರ ಮೈ ಪ್ಲಾಸ್ಟಿಕ್, ಬುಡದ ಅಗಲ 20 ಮಿ.ಮೀ. ಮೀರುತ್ತದೆ. ಬುಡಕ್ಕೆ ಆಯಸ್ಕಾಂತ ಅಂಟಿದರೆ ಅದು ಹಿತ್ತಾಳೆಯ ಲೇಪ ಕೊಟ್ಟ ಉಕ್ಕು, ಕಡೆದಲ್ಲಿ ತುಕ್ಕು ಹಿಡಿಯುತ್ತದೆ. ಅಂಟದಿದ್ದರೆ ಅದನ್ನೇ ಪೆನ್ ನಿಲ್ಲಿಸುವ ಬಟ್ಟಲಾಗಿ ಕಾಫಿ ಕಟ್ಟಿಗೆಯ ತುಂಡಿನ ಮೇಲೆ ಕೂರಿಸಿಕೊಡುತ್ತಾರೆ.