ಹಳೆಯ ಮ್ಯಾಚ್‌ಬಾಕ್ಸ್ ಬಂಡಿ ಕೊಳ್ಳುವ ಮುನ್ನ ತಿರುಗಿಸಿ ತಳ ನೋಡಿ

ಹಳೆಯ ಆಟಿಕೆ ಕಾರುಗಳನ್ನು ಸಂಗ್ರಹಿಸುವವರು, ಅದರಲ್ಲೂ ಫೋಟೊ ನೋಡಿಯೇ ಹಣ ಕಳುಹಿಸಿ ವಿದೇಶದಿಂದ ತರಿಸಿಕೊಳ್ಳುವವರು, ದಯವಿಟ್ಟು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದಾಗ, ಭಾನುವಾರದ ಆಟಿಕೆ ಸಂತೆಯೊಂದರಲ್ಲಿ, ಮೂರು ಇಂಚು ಉದ್ದದ ಪುಟ್ಟ ಲಾರಿಯೊಂದಕ್ಕೆ ನಾನು 700 ಪೌಂಡ್ ಕೊಟ್ಟೆ. ಅದು ಬಣ್ಣ ಬದಲಿಸಿದ ಮಾಲು ಎಂದು ತಿಳಿಯುವ ಹೊತ್ತಿಗೆ ಮೂರು ವಾರ ಕಳೆದಿತ್ತು.

ನಾನು ಕೊಂಡದ್ದು ಬ್ರಿಟನ್ನಿನ ಲೆಸ್ನಿ ಕಂಪನಿಯ ಮ್ಯಾಚ್‌ಬಾಕ್ಸ್ ಸರಣಿಯ 13ನೆಯ ಸಂಖ್ಯೆಯ ಡಾಜ್ ರೆಕ್ ಟ್ರಕ್. ಕೆಟ್ಟು ನಿಂತ ವಾಹನಗಳನ್ನು ಎಳೆದೊಯ್ಯುವ, ಬಿಪಿ ಪೆಟ್ರೋಲ್ ಕಂಪನಿಯ ಗುರುತಿರುವ ಲಾರಿ. ಸಾಮಾನ್ಯವಾಗಿ ಇದರ ಮುಂದಿನ ಕ್ಯಾಬಿನ್ ಹಳದಿ, ಹಿಂಭಾಗ ಹಸಿರು. ಅಂಥದ್ದು ಯಾವ ಸಂತೆಯಲ್ಲಾದರೂ ಅಗ್ಗಕ್ಕೆ ಸಿಗುತ್ತದೆ. ಆದರೆ 1960ರ ದಶಕದ ನಡುವಿನಲ್ಲಿ ಇದೇ ಲಾರಿ ಬಣ್ಣ ಅದಲುಬದಲಾಗಿ, ಹಸಿರು ಕ್ಯಾಬಿನ್ ಮತ್ತು ಹಳದಿ ಹಿಂಭಾಗದೊಂದಿಗೆ, ಬಹಳ ಕಡಿಮೆ ಸಂಖ್ಯೆಯಲ್ಲಿ ಹೊರಬಂದಿತ್ತು. ಸಂಗ್ರಹಕಾರರು ಹುಡುಕುವುದು ಇದನ್ನೇ, ನನಗೆ ಮಾರಿದ್ದೂ ಇದರ ಹೆಸರಿನಲ್ಲೇ.

ಹಳೆಯದಾದ ಮಾತ್ರಕ್ಕೆ ಆಟಿಕೆ ದುಬಾರಿಯಾಗುವುದಿಲ್ಲ ಎಂಬುದನ್ನು ನಾನು ಆಗ ಸರಿಯಾಗಿ ತಿಳಿದಿರಲಿಲ್ಲ. ಲಂಡನ್ನಿನಲ್ಲಿ 1947ರಲ್ಲಿ ಆರಂಭವಾದ ಲೆಸ್ನಿ ಕಂಪನಿ, 1953ರಿಂದ ಬೆಂಕಿಪೊಟ್ಟಣದಂಥ ಡಬ್ಬಿಗಳಲ್ಲಿ ಈ ಬಂಡಿಗಳನ್ನು ಕೋಟಿಗಟ್ಟಲೆ ತಯಾರಿಸಿ, ಮಕ್ಕಳು ಕೈಖರ್ಚಿನ ಹಣದಲ್ಲೇ ಕೊಳ್ಳುವಷ್ಟು ಅಗ್ಗಕ್ಕೆ ಮಾರಿತು. ಮಕ್ಕಳು ಅವನ್ನು ಮಣ್ಣಿನಲ್ಲಿ ಓಡಿಸಿದರು, ಡಬ್ಬಿಯನ್ನು ಅಂದೇ ಎಸೆದರು. ಹಾಗಾಗಿ ಬಣ್ಣ ಕೆಡದೆ, ಡಬ್ಬಿಯ ಸಮೇತ ಉಳಿದದ್ದು ಅಪರೂಪ. ಅದಕ್ಕಿಂತಲೂ ಅಪರೂಪವಾದದ್ದು ಕಾರ್ಖಾನೆಯಲ್ಲಿ ಸ್ವಲ್ಪ ಕಾಲ ಮಾತ್ರ ನಡೆದು ನಿಂತುಹೋದ ಬದಲಾವಣೆ. ಲೋಹದ ಚಕ್ರ ಹೋಗಿ ಬೂದು ಪ್ಲಾಸ್ಟಿಕ್ ಬಂತು, ಅದು ಹೋಗಿ ಕಪ್ಪು ಬಂತು. ಮ್ಯಾಟೆಲ್ ಕಂಪನಿ 1968ರಲ್ಲಿ ವೇಗವಾಗಿ ಓಡುವ ಹಾಟ್ ವೀಲ್ಸ್ ಆಟಿಕೆ ಕಾರುಗಳನ್ನು ತಂದಾಗ, ಲೆಸ್ನಿ ಮರುವರ್ಷವೇ ಅವಸರದಲ್ಲಿ ಸೂಪರ್‌ಫಾಸ್ಟ್ ಚಕ್ರಗಳಿಗೆ ಬದಲಾಯಿತು. ಇಂಥ ಸಂಧಿಕಾಲದಲ್ಲಿ ಕೆಲವೇ ಕೆಲವು ತಯಾರಾದ ಬಣ್ಣ ಮತ್ತು ಚಕ್ರದ ಜೋಡಣೆಗಳಿಗೇ ಇಂದು ಬೆಲೆ. ಎರಡು ಲಾರಿಗಳ ನಡುವಿನ ನೂರಾರು ಪೌಂಡಿನ ಅಂತರ ನಿಂತಿರುವುದು ಒಂದು ಪದರ ಬಣ್ಣದ ಮೇಲೆ. ಆ ಪದರವನ್ನು ಮನೆಯಲ್ಲಿ ಕೂತು ಯಾರು ಬೇಕಾದರೂ ಬಳಿಯಬಹುದು.

ಸಂಗ್ರಹದಲ್ಲಿ ಪಳಗಿದ ಹಿರಿಯರೊಬ್ಬರಿಗೆ ನಾನು ಲಾರಿಯನ್ನು ಸಂಭ್ರಮದಿಂದ ತೋರಿಸಿದೆ. ಅವರು ಬಣ್ಣದ ಕಡೆ ಕಣ್ಣೂ ಹಾಯಿಸದೆ, ಅದನ್ನು ಅಂಗೈಯಲ್ಲಿ ಮಗುಚಿ ತಳದಲ್ಲಿ ಬಿಡಿಭಾಗಗಳನ್ನು ಹಿಡಿದಿಡುವ ರಿವೆಟ್ ಮೊಳೆಯನ್ನು ನೋಡಿದರು. ಕಾರ್ಖಾನೆಯಲ್ಲಿ ಅದುಮಿದ ರಿವೆಟ್ಟಿನ ತಲೆ ನುಣುಪಾಗಿ, ಅಂಚು ಒಂದೇ ಸಮನಾಗಿ ಹರಡಿಕೊಂಡಿರುತ್ತದೆ. ನನ್ನದರಲ್ಲಿ ನಡುವೆ ಡ್ರಿಲ್ ಕೊರೆದ ಗುಳಿಯಿತ್ತು, ಅದರೊಳಗೆ ಒಣಗಿದ ಅಂಟು ಹೊಳೆಯುತ್ತಿತ್ತು. ಬಿಡಿಸಿ, ಬಣ್ಣ ತೆಗೆದು, ಮತ್ತೆ ಬಳಿದು ಜೋಡಿಸಿದ್ದರು. ನೇರಳಾತೀತ ಟಾರ್ಚ್ ಹಿಡಿದಾಗ ಆ ಹಸಿರು ಬೇರೆಯೇ ಛಾಯೆಯಲ್ಲಿ ಬೆಳಗಿತು. ಪಕ್ಕದಲ್ಲಿಟ್ಟಿದ್ದ ಅವರ ಹಳೆಯ ಲಾರಿ ಮಂಕಾಗಿಯೇ ಉಳಿಯಿತು. ಕ್ಯಾಬಿನ್ನಿನ ಒಳಮೂಲೆಯಲ್ಲಿ ಹಸಿರಿನ ಕೆಳಗೆ ಹಳದಿಯ ಚುಕ್ಕೆಯೊಂದು ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಕಾಣಿಸಿತು.

ಡಬ್ಬಿಯೂ ಹೊಸದಾಗಿ ಮುದ್ರಿಸಿದ್ದೇ ಆಗಿತ್ತು. ಖಾಲಿ ಡಬ್ಬಿಗಳ ನಕಲು ಬಹಿರಂಗವಾಗಿಯೇ ಮಾರಾಟವಾಗುತ್ತದೆ, ಅದರಲ್ಲಿ ತಪ್ಪಿಲ್ಲ. ಅದನ್ನು ಮೂಲದ್ದೆಂದು ಹೇಳಿ ಕೊಡುವುದು ಮೋಸ. ಮಾರಿದವರು ನಾನು ಕಳುಹಿಸಿದ ಎರಡು ಪತ್ರಗಳಿಗೂ ಉತ್ತರಿಸಲಿಲ್ಲ. ನಗದು ಕೊಟ್ಟಿದ್ದೆ, ರಸೀದಿಯಲ್ಲಿ ಬರೀ "ಆಟಿಕೆ ಲಾರಿ" ಎಂದಿತ್ತು. ಬಣ್ಣ ಮತ್ತು ಡಬ್ಬಿ ಮೂಲದ್ದೆಂದು ಬರೆಸಿಕೊಂಡಿದ್ದರೆ ದೂರು ಕೊಡಲು ಒಂದು ಆಧಾರವಾದರೂ ಇರುತ್ತಿತ್ತು.

ಇನ್ನೊಂದು ಮಾತು. ಡಿಂಕಿ ಎಂಬ ಬ್ರಿಟಿಷ್ ಆಟಿಕೆ ಕಾರುಗಳ ಹಳೆಯ ಅಚ್ಚುಗಳಿಂದ ಕಲ್ಕತ್ತೆಯಲ್ಲಿ ಎರಕಹೊಯ್ದ ನಿಕ್ಕಿ ಹೆಸರಿನ ಆಟಿಕೆ ಕಾರುಗಳಿಗೂ ಈಗ ಸಂಗ್ರಹಕಾರರಿದ್ದಾರೆ. ನಿಮ್ಮ ಮನೆಯ ಅಟ್ಟದಲ್ಲಿ ಅಂಥದ್ದೊಂದು ಇದ್ದರೆ, ಚೆಂದ ಕಾಣಲೆಂದು ಹೊಸ ಬಣ್ಣ ಹೊಡೆಸಬೇಡಿ. ಮಾಸಿದ ಮೂಲ ಬಣ್ಣಕ್ಕೇ ಬೆಲೆ ಹೆಚ್ಚು.

ಈಗ ಏನನ್ನೇ ತರಿಸುವ ಮುನ್ನ ನಾನು ಕೇಳುವುದು ಹಗಲು ಬೆಳಕಿನಲ್ಲಿ ತೆಗೆದ, ರಿವೆಟ್ಟುಗಳು ನಿಚ್ಚಳವಾಗಿ ಕಾಣುವ ತಳದ ಫೋಟೊ. ಅದನ್ನು ಕಳುಹಿಸದವರಿಂದ ಕೊಳ್ಳುವುದಿಲ್ಲ.