ಶಿಯಾಮೆನ್‌ನಿಂದ ಒಂದು ದಿನ: ಚ್ವಾನ್‌ಝೌ, ತುಲೋ, ಗುಲಾಂಗ್‌ಯು?

ಚೀನಾದ ಫುಜಿಯಾನ್ ಪ್ರಾಂತ್ಯದಲ್ಲಿ ಒಂದೇ ದಿನ ಬಿಡುವು, ಶಿಯಾಮೆನ್ ನಗರದಿಂದ ಎಲ್ಲಿಗೆ ಹೋಗಲಿ ಅಂತ ಕೇಳಿದ್ದೀರಿ.

ಇತಿಹಾಸದ ಹುಚ್ಚಿದ್ದರೆ ಚ್ವಾನ್‌ಝೌ. ಸಾಂಗ್, ಯುವಾನ್ ರಾಜವಂಶಗಳ ಕಾಲದ (10–14ನೇ ಶತಮಾನ) ದೊಡ್ಡ ಬಂದರು. 1009ರ ಮಸೀದಿ ಇದೆ. ಕೈಯುವಾನ್ ಬೌದ್ಧ ದೇವಾಲಯದ ಹಿಂಬದಿಯ ಎರಡು ಕಂಬಗಳನ್ನು ಮಾತ್ರ ಬಿಡಬೇಡಿ. ಅವುಗಳಲ್ಲಿ ಕೃಷ್ಣ, ನರಸಿಂಹರ ಕೆತ್ತನೆಗಳಿವೆ! ಆಗ ಇಲ್ಲಿದ್ದ ತಮಿಳು ವರ್ತಕರ ಕಾಲದ ಗುಡಿಯೊಂದರ ಕಲ್ಲುಗಳವು. ನಮ್ಮವರಿಗೆ ಮೈ ಜುಮ್ಮೆನ್ನದೆ ಇರುತ್ತಾ?

ಪ್ರಯಾಣ ಲೆಕ್ಕ ಹಾಕಿದರೆ ತುಲೋ ಎಂಬ ಮಣ್ಣಿನ ಕಟ್ಟಡಗಳಿಗೆ ಹೋಗುವುದು ಸ್ವಲ್ಪ ಕಷ್ಟ. ಅರ್ಧ ದಿನ ದಾರಿಯಲ್ಲೇ ಹೋಗುತ್ತದೆ. ಆದರೆ ಇಡೀ ಕುಲವೇ ಒಟ್ಟಿಗಿದ್ದ ದುಂಡನೆಯ ಮಣ್ಣಿನ ಮನೆಗಳು ಬೇರೆಲ್ಲಿ ಸಿಗುತ್ತವೆ? ರಾತ್ರಿ ಅಲ್ಲೇ ಉಳಿಯುವುದಾದರೆ ಇದೇ ಸರಿ.

ಗುಲಾಂಗ್‌ಯು ಶಿಯಾಮೆನ್‌ಗೆ ಹತ್ತಿರದ ದ್ವೀಪ. ದೋಣಿ ಹತ್ತಿದರೆ ಆಯಿತು, ಕಾರುಗಳ ಕಾಟವಿಲ್ಲ. ಹಳೇ ಬಂಗಲೆ, ಪಿಯಾನೋ ಮ್ಯೂಸಿಯಂ ನೋಡುತ್ತಾ ಸುಮ್ನೆ ಅಡ್ಡಾಡುವವರಿಗೆ ಚೆನ್ನ. ರಜಾ ದಿನ ಮಾತ್ರ ಜನ ಜಾಸ್ತಿ.